ಮಗು ಅತ್ತಿತೇ?

ಹೆರಿಗೆ ಕೋಣೆಯ ಹೊರಗೆ ಕಾದು ನಿಂತ ಅಜ್ಜಿಯರು ಗಂಡೋ ಹೆಣ್ಣೋ ಎಂದು ವಿಚಾರಿಸುವ ಮೊದಲೇ ಕೇಳುವ ಪ್ರಶ್ನೆಯೊಂದಿದೆ: “ಮಗು ಅತ್ತಿತೇ?” ಶರೀರಶಾಸ್ತ್ರವನ್ನು ಓದದೆಯೇ ಅದರ ತಿರುಳನ್ನು ಹಿಡಿದವರು ಅವರು. ಗರ್ಭದಲ್ಲಿರುವಷ್ಟು ಕಾಲ ಶಿಶುವಿನ ಪರವಾಗಿ ಉಸಿರಾಡುವುದು ಮಾಸು. ಶಿಶುವಿನ ಶ್ವಾಸಕೋಶಗಳು ಆಗ ದ್ರವದಿಂದ ತುಂಬಿದ್ದು, ಬೆಳೆಯುವುದೊಂದನ್ನೇ ತಮ್ಮ ಕೆಲಸವಾಗಿಸಿಕೊಂಡಿರುತ್ತವೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಆ ಆಸರೆ ತಪ್ಪುತ್ತದೆ. ಮೊದಲ ಅಳುವಿನೊಡನೆ ಗಾಳಿ ಒಳಹೊಕ್ಕು, ಅದುವರೆಗೆ ಬಿಗಿದುಕೊಂಡಿದ್ದ ಶ್ವಾಸಕೋಶದ ರಕ್ತನಾಳಗಳು ಸಡಿಲಗೊಳ್ಳುತ್ತವೆ. ರಕ್ತ ಅತ್ತ ಹರಿಯುತ್ತದೆ.

ಈ ಹೊಸ ಸಂಸಾರ ಸುಸೂತ್ರವಾಗಿ ಆರಂಭವಾಗದ ಒಂದು ಜನ್ಮಜಾತ ಸ್ಥಿತಿಯನ್ನು ಕುರಿತು ಹೇಳಬೇಕೆಂದಿದ್ದೇನೆ. ಅದಕ್ಕೆ ನನ್ನದೇ ಒಂದು ಕಾರಣವಿದೆ.

1984ರಲ್ಲಿ ನಾನು ಇನ್ನೂ ಕಿರಿಯ ವೈದ್ಯ. ಒಂದು ರಾತ್ರಿ ತುಂಬು ತಿಂಗಳ ಶಿಶುವೊಂದು ಹುಟ್ಟಿತು. ತೂಕ ಚೆನ್ನಾಗಿತ್ತು, ಆದರೆ ಹೊಟ್ಟೆ ಮಾತ್ರ ದೋಣಿಯಂತೆ ಒಳಸರಿದಿತ್ತು. ಒಮ್ಮೆ ಕ್ಷೀಣವಾಗಿ ಅತ್ತು ನೀಲಿಗಟ್ಟತೊಡಗಿತು. ನಾನು ಕಲಿತಿದ್ದಂತೆ ಮುಖಕ್ಕೆ ಮಾಸ್ಕ್ ಒತ್ತಿ ಆಂಬು ಬ್ಯಾಗನ್ನು ಹಿಸುಕಿದೆ. ಹಿಸುಕಿದಷ್ಟೂ ಮಗು ಸೊರಗಿತು. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಗುಂಡಿಗೆಯ ಬಡಿತ ಬಲಗಡೆ ಕೇಳಿಸಿತು. ಬೆಳಗಾಗುವ ಮುನ್ನ ಮಗು ತೀರಿಕೊಂಡಿತು. ಮಾಸ್ಕಿನಿಂದ ನಾನು ತಳ್ಳಿದ ಗಾಳಿಯ ಒಂದು ಪಾಲು ಎಲ್ಲಿಗೆ ಹೋಗಿತ್ತೆಂಬುದು ನನಗೆ ಅರ್ಥವಾದದ್ದು ಆಮೇಲೆ.

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯಿದೆ. ಗರ್ಭದ ಮೊದಲ ಮೂರು ತಿಂಗಳೊಳಗೇ ಅದು ಮುಚ್ಚಿಕೊಳ್ಳಬೇಕು. ಸುಮಾರು ಮೂರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಅದು ಪೂರ್ತಿಯಾಗಿ ಮುಚ್ಚುವುದಿಲ್ಲ. ರಂಧ್ರ ಉಳಿಯುವುದು ಬಹುಪಾಲು ಎಡಗಡೆ. ಕರುಳು, ಕೆಲವೊಮ್ಮೆ ಜಠರವೂ ಯಕೃತ್ತಿನ ಭಾಗವೂ, ಅದರ ಮೂಲಕ ಎದೆಗೆ ಏರುತ್ತವೆ. ಪ್ರಾಗ್ ನಗರದ ಅಂಗರಚನಾ ವಿಜ್ಞಾನಿ ಬೊಖ್ಡಾಲೆಕ್ ಇದನ್ನು 1848ರಲ್ಲಿಯೇ ವರ್ಣಿಸಿದ್ದ. ನಾನು ಹಿಸುಕಿದ ಗಾಳಿ ಅನ್ನನಾಳಕ್ಕೂ ಇಳಿದು, ಎದೆಯೊಳಗಿದ್ದ ಕರುಳನ್ನೇ ಉಬ್ಬಿಸಿತ್ತು. ಇಂದು ಅಂಥ ಶಿಶುವಿಗೆ ಮಾಸ್ಕ್ ಒತ್ತುವುದಿಲ್ಲ. ಉಸಿರಾಟಕ್ಕೆ ನೆರವು ಬೇಕಾದರೆ ನೇರವಾಗಿ ಶ್ವಾಸನಾಳಕ್ಕೇ ನಳಿಕೆ ಹಾಕುತ್ತಾರೆ, ಜಠರದ ಗಾಳಿಯನ್ನು ಹೊರತೆಗೆಯಲು ಇನ್ನೊಂದು ನಳಿಕೆ.

ರಂಧ್ರವೇ ರೋಗವಾದರೆ ಅದನ್ನು ಹೊಲಿದುಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ತೋರುತ್ತದೆ. ವೈದ್ಯಲೋಕಕ್ಕೂ ಬಹುಕಾಲ ಹಾಗೆಯೇ ತೋರಿತು. ಬಾಸ್ಟನ್ನಿನ ಶಸ್ತ್ರವೈದ್ಯ ರಾಬರ್ಟ್ ಗ್ರಾಸ್, ಹುಟ್ಟಿ ಒಂದು ದಿನವೂ ಕಳೆಯದ ಶಿಶುವಿನಲ್ಲಿ ಈ ಶಸ್ತ್ರಕ್ರಿಯೆ ಸಫಲವಾದುದನ್ನು 1946ರಲ್ಲಿ ವರದಿ ಮಾಡಿದ. ಅಲ್ಲಿಂದ ಮುಂದೆ, ಎಷ್ಟು ಬೇಗ ಹೊಲಿದರೆ ಅಷ್ಟು ಒಳ್ಳೆಯದೆಂಬುದೇ ನಿಯಮವಾಯಿತು. ಆದರೂ ಮಕ್ಕಳು ಸಾಯುತ್ತಲೇ ಇದ್ದರು. ಏಕೆಂದರೆ ಕೆಟ್ಟದ್ದು ಪರದೆಯೊಂದೇ ಅಲ್ಲ, ಶ್ವಾಸಕೋಶವೂ ಬೆಳೆದಿರುವುದಿಲ್ಲ. ಅದರ ಕವಲುಗಳು ಕಡಿಮೆ, ವಾಯುಕೋಶಗಳು ಕಡಿಮೆ. ರಕ್ತನಾಳಗಳ ಗೋಡೆ ದಪ್ಪ, ಸಡಿಲಗೊಳ್ಳಲು ಒಲ್ಲದಂಥದು. 1987ರಲ್ಲಿ ಟೊರಾಂಟೋದ ವೈದ್ಯರು ಶಸ್ತ್ರಕ್ರಿಯೆಗೆ ಮುಂಚೆ ಮತ್ತು ಆಮೇಲೆ ಇಂಥ ಶಿಶುಗಳ ಉಸಿರಾಟದ ಅಂಗಗಳು ಎಷ್ಟು ಸುಲಭವಾಗಿ ಹಿಗ್ಗುತ್ತವೆಂದು ಅಳೆದರು. ಹಲವು ಶಿಶುಗಳಲ್ಲಿ ಹೊಲಿಗೆಯ ಬಳಿಕ ಹಿಗ್ಗುವ ಗುಣ ಕಡಿಮೆಯೇ ಆಗಿತ್ತು! ಆತುರದ ನಿಯಮ ಸಡಿಲಿದ್ದು ಹೀಗೆ. ಈಗ ಶಿಶುವಿನ ಉಸಿರಾಟ ಮತ್ತು ರಕ್ತಚಲನೆ ಒಂದು ಹದಕ್ಕೆ ಬರುವವರೆಗೆ, ಅದು ಕೆಲವು ದಿನಗಳಾದರೂ ಸರಿಯೇ, ಕಾಯುತ್ತಾರೆ.

ಯಂತ್ರದ ಉಸಿರಿಗೂ ಇದೇ ಪಾಠ. ರಕ್ತದ ಅಂಗಾರಾಮ್ಲವನ್ನು ತಗ್ಗಿಸಿದರೆ ರಕ್ತನಾಳಗಳು ಸಡಿಲಗೊಳ್ಳುತ್ತವೆಂದು ಹಿಂದೆ ವೆಂಟಿಲೇಟರನ್ನು ಜೋರಾಗಿ ನಡೆಸುತ್ತಿದ್ದರು. ಪುಟ್ಟ ಶ್ವಾಸಕೋಶ ಆ ಒತ್ತಡಕ್ಕೆ ಹರಿದುಹೋಗುತ್ತಿತ್ತು. ಶ್ವಾಸಕೋಶದ ರಕ್ತದೊತ್ತಡ ಇಳಿಯದ ನವಜಾತ ಶಿಶುಗಳನ್ನು ಹಾಗೆ ಜೋರು ಮಾಡದೆಯೇ ಉಳಿಸಬಹುದೆಂದು ನ್ಯೂಯಾರ್ಕಿನ ಜೆನ್-ಟಿಯನ್ ವುಂಗ್ ಮತ್ತು ಸಂಗಡಿಗರು 1985ರಲ್ಲಿ ಬರೆದರು. ಅಂಗಾರಾಮ್ಲ ತುಸು ಹೆಚ್ಚಿದ್ದರೂ ಸಹಿಸಿಕೊಂಡು, ಶ್ವಾಸಕೋಶವನ್ನು ನೋಯಿಸದಿರುವುದೇ ಇಂದಿನ ಕ್ರಮ. ಯಂತ್ರದ ಗರಿಷ್ಠ ಒತ್ತಡ ಸಾಮಾನ್ಯವಾಗಿ 25 ಸೆಂಟಿಮೀಟರ್ ನೀರಿನ ಮಟ್ಟವನ್ನು ಮೀರದಂತೆ ನೋಡಿಕೊಳ್ಳುತ್ತಾರೆ. ಏನನ್ನೂ ಮಾಡದೆ ಕೈಕಟ್ಟಿ ಕುಳಿತಂತೆ ನೋಡುವವರಿಗೆ ಕಂಡೀತು; ಆ ಸಂಯಮವನ್ನು ಕಲಿಯುವುದಕ್ಕೆ ನನಗೆ ಹತ್ತು ವರ್ಷ ಹಿಡಿಯಿತು.

ಹುಟ್ಟುವ ಮುನ್ನವೇ ಶ್ವಾಸಕೋಶವನ್ನು ಬೆಳೆಸುವ ಯತ್ನವೂ ನಡೆದಿದೆ. ಭ್ರೂಣದ ಶ್ವಾಸಕೋಶ ತಾನೇ ಸ್ರವಿಸುವ ದ್ರವದ ಹಿಗ್ಗುವಿಕೆಯಿಂದ ಬೆಳೆಯುತ್ತದೆ. ಆದ್ದರಿಂದ 27ರಿಂದ 29 ವಾರಗಳ ನಡುವೆ ಭ್ರೂಣದ ಶ್ವಾಸನಾಳದಲ್ಲಿ ಪುಟ್ಟ ಬಲೂನೊಂದನ್ನು ಇರಿಸಿ ಆ ದ್ರವವನ್ನು ಒಳಗೇ ತಡೆಯುತ್ತಾರೆ. 34ನೆಯ ವಾರದ ಸುಮಾರಿಗೆ ತೆಗೆಯುತ್ತಾರೆ. ಬೆಲ್ಜಿಯಮ್ಮಿನ ಯಾನ್ ಡೆಪ್ರೆಸ್ಟ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಡಗಡೆ ತೀವ್ರ ದೋಷವಿದ್ದ ಶಿಶುಗಳ ಪೈಕಿ ಬಲೂನು ಪಡೆದವರಲ್ಲಿ ನೂರಕ್ಕೆ 40, ಪಡೆಯದವರಲ್ಲಿ 15 ಬದುಕಿ ಮನೆಗೆ ಹೋದವು. ಅವಧಿಗೆ ಮುನ್ನ ಹೆರಿಗೆಯಾಗುವ ಭಯವೂ ಅದರ ಜೊತೆಗೇ ಹೆಚ್ಚಿತು. ದೋಷ ಮಧ್ಯಮ ಪ್ರಮಾಣದ್ದಾಗಿದ್ದರೆ ಲಾಭ ಖಚಿತವಾಗಲಿಲ್ಲ.

ನಮ್ಮ ಊರುಗಳ ತಾಯಂದಿರಿಗೆ ಅದಕ್ಕಿಂತ ಹತ್ತಿರದ್ದು ಐದನೆಯ ತಿಂಗಳಿನ ಸ್ಕ್ಯಾನು. ಈ ದೋಷ ಎಷ್ಟೋ ವೇಳೆ ಅದರಲ್ಲಿಯೇ ಕಾಣುತ್ತದೆ. ಕಂಡರೆ, ಶಿಶುಗಳ ಶಸ್ತ್ರವೈದ್ಯರೂ ವೆಂಟಿಲೇಟರೂ ಇರುವಲ್ಲಿಯೇ ಹೆರಿಗೆಯಾಗಬೇಕು. ಹುಟ್ಟಿದ ಮೇಲೆ ನೀಲಿಗಟ್ಟಿದ ಮಗುವನ್ನು ಹೊತ್ತು ನೂರು ಮೈಲಿ ಓಡುವುದಕ್ಕಿಂತ, ಗರ್ಭದಲ್ಲಿರುವಾಗಲೇ ಕರೆದೊಯ್ಯುವುದು ಲೇಸು.

ಬದುಕಿದ ಮಕ್ಕಳನ್ನು ವರ್ಷಗಳವರೆಗೆ ನೋಡುತ್ತಿರಬೇಕಾಗುತ್ತದೆ. ಕೆಲವರಿಗೆ ಹಾಲು ದಕ್ಕುವುದಿಲ್ಲ, ತೂಕ ಏರುವುದಿಲ್ಲ, ನೆಗಡಿಯೂ ಎದೆಗಿಳಿಯುತ್ತದೆ. ಆದರೆ ಹುಟ್ಟಿದ ಮೇಲೂ ಹೊಸ ವಾಯುಕೋಶಗಳು ಮೂಡುತ್ತಲೇ ಇರುವುದರಿಂದ ಶ್ವಾಸಕೋಶಕ್ಕೆ ಸುಧಾರಿಸಿಕೊಳ್ಳುವ ಅವಕಾಶವಿದೆ. ಹೀಗೆ ಉಳಿದ ಏಳು ವರ್ಷದ ಹುಡುಗಿಯೊಬ್ಬಳು ಈಚೆಗೆ ನನ್ನೆದುರು ಸ್ಪೈರೋಮೀಟರಿನ ಕೊಳವೆಯನ್ನು ಊದಿದಳು. ಅಂಕಿ ಅವಳ ವಯಸ್ಸಿಗೆ ಇರಬೇಕಾದುದಕ್ಕಿಂತ ತುಸು ಕಡಿಮೆಯೇ ಇತ್ತು. ಶಾಲೆಯಲ್ಲಿ ಓಡಲು ಬಿಡಬಹುದೇ ಎಂದು ಅವಳ ಅಜ್ಜಿ ಕೇಳಿದರು. ದಣಿವಾದಾಗ ಅವಳೇ ನಿಲ್ಲುತ್ತಾಳೆ, ಬಿಡಿ ಅಮ್ಮ, ಎಂದೆ.