ನಿಲ್ಲಿಸಿದ ಕಾರಿನ ಕಾವಲು

ಬೇಸಗೆಯ ರಜೆ ಬಂದಿತೆಂದರೆ ನಮ್ಮಲ್ಲಿ ಅನೇಕ ಕುಟುಂಬಗಳು ಕಾರಿನಲ್ಲಿ ಪ್ರವಾಸ ಹೊರಡುತ್ತವೆ. ಒಂದು ದಿನ ಜೋಗ, ಮರುದಿನ ಇಕ್ಕೇರಿ, ಅಲ್ಲಿಂದ ಆಗುಂಬೆಯ ಘಾಟಿಯನ್ನಿಳಿದು ಕಡಲತೀರ. ಇಂಥ ಪ್ರವಾಸದಲ್ಲಿ ಕಾರು ಓಡುವ ಹೊತ್ತಿಗಿಂತ ನಿಂತಿರುವ ಹೊತ್ತೇ ಹೆಚ್ಚು. ನಮ್ಮ ಊರಿನಲ್ಲಾದರೆ ನೆರೆಹೊರೆಯವರ ಕಣ್ಣು ಅದರ ಮೇಲಿರುತ್ತದೆ; ಪರಸ್ಥಳದಲ್ಲಿ ಅದು ಯಾರ ಕಾರೆಂಬುದನ್ನೇ ಯಾರೂ ಅರಿಯರು. ಅಲ್ಲಿ ಅದು ಕಳುವಾದರೆ ಹೋಗುವುದು ಕಾರೊಂದೇ ಅಲ್ಲ. ಬಟ್ಟೆಬರೆ, ವೃದ್ಧರ ಔಷಧ, ಹಿಂದಿರುಗುವ ದಾರಿ, ಎಲ್ಲವೂ ಅದರೊಡನೆ ಹೋಗುತ್ತವೆ. ಆದುದರಿಂದ ನಿಂತ ಕಾರನ್ನು ಕಾಯುವುದು ಯಾವುದು, ಆ ಕಾವಲು ಸೋಲುವುದೆಲ್ಲಿ ಎಂಬುದನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡುವುದು ವ್ಯರ್ಥವಾಗಲಾರದು.

ಹಳೆಯ ಕಾರುಗಳ ಕೀಲಿಕೈ ಹಲ್ಲುಗಳನ್ನು ಕೊರೆದ ಒಂದು ಲೋಹದ ಪಟ್ಟಿ, ಅಷ್ಟೆ. ಐದು ಹಲ್ಲುಗಳಿದ್ದು, ಒಂದೊಂದಕ್ಕೂ ನಾಲ್ಕು ಬಗೆಯ ಎತ್ತರಗಳು ಸಾಧ್ಯವಿವೆಯೆಂದು ಊಹಿಸೋಣ. ಆಗ ಒಟ್ಟು ದೊರೆಯುವ ಕೀಲಿಕೈಗಳು ನಾಲ್ಕರ ಐದನೆಯ ಘಾತ, ಎಂದರೆ 1,024 ಮಾತ್ರ. ಒಂದೇ ಮಾದರಿಯ ಹತ್ತು ಸಾವಿರ ಕಾರುಗಳು ಒಂದು ನಗರದಲ್ಲಿದ್ದರೆ, ನಮ್ಮ ಕೀಲಿಕೈಯಿಂದ ತೆರೆಯುವ ಇನ್ನೂ ಎಂಟೊಂಬತ್ತು ಕಾರುಗಳು ಅಲ್ಲಿ ಇರಬಹುದೆಂದಾಯಿತು. ಅದಿಲ್ಲದಿದ್ದರೂ ಬೀಗವನ್ನೇ ಮುರಿದು, ಒಳಗಿನ ತಂತಿಗಳನ್ನು ಕೂಡಿಸಿ ಎಂಜಿನನ್ನು ಚಾಲೂ ಮಾಡುವುದು ಆ ಕಾಲದ ಕಳ್ಳರಿಗೆ ಕಷ್ಟವಾಗಿರಲಿಲ್ಲ.

ಈ ದುರ್ಬಲತೆಯನ್ನು ನೀಗಿಸಿದುದು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವ. ಕೀಲಿಕೈಯ ಹಿಡಿಯೊಳಗೆ ಒಂದು ಪುಟ್ಟ ತಂತಿಸುರುಳಿ, ಅದಕ್ಕೆ ಹೊಂದಿಸಿದ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ಪು. ಬೀಗದ ಸುತ್ತ ಇನ್ನೊಂದು ಸುರುಳಿ. ಬೀಗದ ಸುರುಳಿಯಲ್ಲಿ ಸೆಕೆಂಡಿಗೆ ಸುಮಾರು 1,25,000 ಸಲ ಆಂದೋಲಿಸುವ ಪ್ರವಾಹ ಹರಿದಾಗ, ಬದಲಾಗುವ ಕಾಂತಕ್ಷೇತ್ರವು ಕೀಲಿಕೈಯ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಬ್ಯಾಟರಿಯ ಹಂಗಿಲ್ಲದೆ ಚಿಪ್ಪು ಎಚ್ಚತ್ತುಕೊಳ್ಳುತ್ತದೆ. ಆಗ ಕಾರು ಅದಕ್ಕೊಂದು ಸಂಖ್ಯೆಯನ್ನು ಕಳುಹಿಸುತ್ತದೆ. ಚಿಪ್ಪು ತನ್ನಲ್ಲಿರುವ ಗುಟ್ಟಿನ ಸಂಖ್ಯೆಯೊಡನೆ ಅದನ್ನು ಕಲಸಿ ಉತ್ತರವನ್ನು ಹಿಂದಿರುಗಿಸುತ್ತದೆ. ಉತ್ತರ ಸರಿಯಾದರೆ ಮಾತ್ರ ಎಂಜಿನಿಗೆ ಇಂಧನ. ಪ್ರತಿ ಸಲವೂ ಪ್ರಶ್ನೆ ಬೇರೆಯಾದುದರಿಂದ ನಿನ್ನೆಯ ಉತ್ತರವನ್ನು ಕದ್ದು ಕೇಳಿದವನಿಗೆ ಇಂದು ಅದರಿಂದ ಲಾಭವಿಲ್ಲ.

ಈ ಏರ್ಪಾಟಿನ ಬೆಲೆ ಎಷ್ಟೆಂಬುದು ಅದಿಲ್ಲದೆಡೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಕೆನಡಾ ದೇಶವು 2007ರಿಂದ ಹೊಸ ಕಾರುಗಳಲ್ಲಿ ಇದನ್ನು ಕಡ್ಡಾಯ ಮಾಡಿತು. ನೆರೆಯ ಅಮೆರಿಕ ಸಂಯುಕ್ತ ಸಂಸ್ಥಾನವು ಮಾಡಲಿಲ್ಲ. ಅಲ್ಲಿ 2011ರಿಂದ 2021ರವರೆಗೆ ತಯಾರಾದ ಕಿಯಾ ಮತ್ತು ಹ್ಯುಂಡೈ ಕಾರುಗಳ ಹಲವು ಮಾದರಿಗಳು ಈ ಪ್ರಶ್ನೋತ್ತರವಿಲ್ಲದೆಯೇ ಮಾರಾಟವಾದುವು. 2022ರಲ್ಲಿ ಈ ಸಂಗತಿ ಸಾಮಾಜಿಕ ಜಾಲತಾಣಗಳ ಮೂಲಕ ಹುಡುಗರಿಗೆಲ್ಲ ತಿಳಿದು, ಅನೇಕ ನಗರಗಳಲ್ಲಿ ಇಂಥ ಕಾರುಗಳ ಕಳವು ವಿಪರೀತವಾಯಿತು. ತಯಾರಕರು ಅಲ್ಲಿ ಉಳಿಸಿದುದು ಒಂದು ಸುರುಳಿ, ಒಂದು ಚಿಪ್ಪು!

ಗುಟ್ಟಿನ ಸಂಖ್ಯೆಯೂ ಸಾಕಷ್ಟು ದೊಡ್ಡದಾಗಿರಬೇಕು. ಬಹಳ ಬಳಕೆಯಲ್ಲಿದ್ದ ಒಂದು ಚಿಪ್ಪಿನ ಸಂಖ್ಯೆ 40 ದ್ವಿಮಾನ ಅಂಕಗಳದು. ಸಾಧ್ಯತೆಗಳು ಸುಮಾರು ಒಂದು ಲಕ್ಷ ಕೋಟಿ. ಸಾಲದೇ ಎಂದು ನಮಗೆನ್ನಿಸಬಹುದು. ಸಾಲಲಿಲ್ಲ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮತ್ತು ಆರ್.ಎಸ್.ಎ. ಪ್ರಯೋಗಶಾಲೆಯ ಸಂಶೋಧಕರು ಅದನ್ನು ಕೆಲವೇ ಗಂಟೆಗಳಲ್ಲಿ ಹುಡುಕಿ ತೆಗೆದರು. ಈಗ 128 ಅಂಕಗಳ ಸಂಖ್ಯೆಗಳು ಬಳಕೆಗೆ ಬಂದಿವೆ.

ಇಷ್ಟಾದ ಮೇಲೆ ಕಳ್ಳನಿಗೆ ದಾರಿಯೇ ಇಲ್ಲವೆನ್ನುವಷ್ಟರಲ್ಲಿ, ಅನುಕೂಲತೆಯ ಹೆಸರಿನಲ್ಲಿ ಹೊಸದೊಂದು ದಾರಿ ತೆರೆಯಿತು. ಇಂದಿನ ಅನೇಕ ಕಾರುಗಳಲ್ಲಿ ಕೀಲಿಕೈಯನ್ನು ಜೇಬಿನಿಂದ ಹೊರಗೆ ತೆಗೆಯಬೇಕಾಗಿಯೇ ಇಲ್ಲ. ಬಾಗಿಲ ಹಿಡಿಯನ್ನು ಮುಟ್ಟಿದೊಡನೆ ಕಾರು ತನ್ನ ಸುತ್ತಲಿನ ಒಂದೆರಡು ಮೀಟರುಗಳಲ್ಲಿ ಪ್ರಶ್ನೆಯನ್ನು ಹರಡುತ್ತದೆ, ಕೀಲಿಕೈ ಉತ್ತರವೀಯುತ್ತದೆ, ಬಾಗಿಲು ತೆರೆಯುತ್ತದೆ. ಇಲ್ಲಿ ಕಾರು ತಿಳಿಯಬೇಕಾದ ಸಂಗತಿಗಳು ಎರಡು: ಇದು ನನ್ನ ಕೀಲಿಕೈಯೇ? ಅದು ಹತ್ತಿರದಲ್ಲಿದೆಯೇ? ಮೊದಲನೆಯದನ್ನು ಅದು ಗಣಿತದಿಂದ ಪರೀಕ್ಷಿಸುತ್ತದೆ. ಎರಡನೆಯದನ್ನು ಪರೀಕ್ಷಿಸುವುದೇ ಇಲ್ಲ, ಬರಿದೆ ನಂಬುತ್ತದೆ.

ಆ ನಂಬಿಕೆಗೆ ಆಧಾರವೇನೆಂದು ನೋಡೋಣ. ಬೆಳಕಿನ ವೇಗವನ್ನು 1,25,000ದಿಂದ ಭಾಗಿಸಿದರೆ ಈ ಸಂಕೇತದ ತರಂಗದೂರ 2,400 ಮೀಟರು ಎಂದಾಗುತ್ತದೆ. ಅದರ ಸುಮಾರು ಆರನೆಯ ಒಂದು ಭಾಗದೊಳಗೆ, ಎಂದರೆ 380 ಮೀಟರುಗಳೊಳಗೆ, ಇದು ರೇಡಿಯೋ ತರಂಗದಂತೆ ನಡೆದುಕೊಳ್ಳುವುದಕ್ಕಿಂತ ಹೆಚ್ಚಾಗಿ ಒಂದು ಪುಟ್ಟ ದಂಡಕಾಂತದ ಕ್ಷೇತ್ರದಂತೆ ನಡೆದುಕೊಳ್ಳುತ್ತದೆ. ದಂಡಕಾಂತದ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುವುದನ್ನು ಕಾಲೇಜಿನ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಅಳೆದೇ ತಿಳಿದಿರುತ್ತಾರೆ. ದೂರ ಎರಡರಷ್ಟಾದರೆ ಬಲ ಎಂಟನೆಯ ಒಂದು ಭಾಗ. ಹತ್ತರಷ್ಟಾದರೆ ಸಾವಿರದ ಒಂದು ಭಾಗ. ಹೀಗೆ ಕ್ಷೇತ್ರ ಬಹು ಬೇಗ ಕ್ಷೀಣಿಸುವುದರಿಂದ, ದೂರದ ಕೀಲಿಕೈಗೆ ಪ್ರಶ್ನೆಯೇ ಕೇಳಿಸದು, ಉತ್ತರಿಸಿತೆಂದರೆ ಹತ್ತಿರದಲ್ಲೇ ಇರಬೇಕು ಎಂಬುದು ಎಂಜಿನಿಯರರ ತರ್ಕ.

ಆದರೆ ಸದ್ದು ಜೋರಾಗಿ ಕೇಳಿದ ಮಾತ್ರಕ್ಕೆ ಮಾತನಾಡುವವನು ಪಕ್ಕದಲ್ಲಿದ್ದಾನೆಂದು ಹೇಳಬಹುದೇ? ಕಳ್ಳರಿಬ್ಬರಲ್ಲಿ ಒಬ್ಬ ಕಾರಿನ ಬಳಿ ನಿಲ್ಲುತ್ತಾನೆ. ಇನ್ನೊಬ್ಬ ಹೋಟೆಲಿನ ಕೋಣೆಯ ಗೋಡೆಯ ಹೊರಗೆ, ಮೇಜಿನ ಮೇಲಿರುವ ಕೀಲಿಕೈಗೆ ಆದಷ್ಟು ಸಮೀಪದಲ್ಲಿ. ಕಾರಿನ ಪ್ರಶ್ನೆಯನ್ನು ಮೊದಲನೆಯವನ ಪೆಟ್ಟಿಗೆ ಹಿಡಿದು ಎರಡನೆಯವನ ಪೆಟ್ಟಿಗೆಗೆ ಸಾಗಿಸುತ್ತದೆ. ಅದು ಕೀಲಿಕೈಯ ಪಕ್ಕದಲ್ಲಿ ಪ್ರಶ್ನೆಯನ್ನು ಮತ್ತೆ ಉಸುರುತ್ತದೆ. ಕೀಲಿಕೈ ಪ್ರಾಮಾಣಿಕವಾಗಿ ಉತ್ತರಿಸುತ್ತದೆ. ಗುಟ್ಟಿನ ಸಂಖ್ಯೆಯನ್ನು ಯಾರೂ ಭೇದಿಸಲಿಲ್ಲ, ಬೀಗವನ್ನು ಯಾರೂ ಮುರಿಯಲಿಲ್ಲ. ಪ್ರಶ್ನೆಯೂ ನಿಜ, ಉತ್ತರವೂ ನಿಜ, ಸಾಮೀಪ್ಯವೊಂದೇ ಸುಳ್ಳು. 1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ, ಮನೆಯವರ ದನಿಯಲ್ಲೇ ಬಾಗಿಲ ಬಳಿ ಕರೆಯುವ ದೆವ್ವವೊಂದು ತಿರುಗುತ್ತಿದೆಯೆಂಬ ಭಯದಿಂದ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಷ್ಟೆ. ಆ ದೆವ್ವವನ್ನು ನಾವು ನಂಬಬೇಕಾಗಿಲ್ಲ. ಆದರೆ ಕೇಳಿದ ದನಿ ಮನೆಯವರದಾದರೂ ನಿಂತವರು ಮನೆಯವರೇ ಆಗಿರಬೇಕಾಗಿಲ್ಲವೆಂಬ ಆ ಜನರ ಶಂಕೆ ಕಾರಿನ ತಯಾರಕರಿಗೆ ಹೊಳೆದಿದ್ದರೆ ಒಳ್ಳೆಯದಿತ್ತು.

ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ಫ್ರಾನ್ಸಿಲಾನ್, ದಾನೆವ್ ಮತ್ತು ಚಾಪ್ಕುನ್ ಎಂಬ ಮೂವರು ಎಂಟು ತಯಾರಕರ ಹತ್ತು ಮಾದರಿಗಳ ಮೇಲೆ ಈ ಉಪಾಯವನ್ನು ಪ್ರಯೋಗಿಸಿ, 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ ಹತ್ತೂ ಮಾದರಿಗಳು ಮೋಸಹೋಗಿದ್ದುವು.

ಹಾಗಾದರೆ ಸಾಮೀಪ್ಯವನ್ನು ಅಳೆಯುವುದು ಹೇಗೆ? ಬಲದಿಂದಲ್ಲ, ಕಾಲದಿಂದ. ಬೆಳಕೂ ರೇಡಿಯೋ ತರಂಗವೂ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಸುಮಾರು 30 ಸೆಂಟಿಮೀಟರು ಸಾಗುತ್ತವೆ. ಈ ಕಾಲಾಂಶಕ್ಕೆ ನ್ಯಾನೊಸೆಕೆಂಡ್ ಎಂದು ಹೆಸರು. ಕೀಲಿಕೈ 15 ಮೀಟರು ಆಚೆಯಿದ್ದರೆ, ಹೋಗಿಬರುವ 30 ಮೀಟರುಗಳಿಗೆ 100 ನ್ಯಾನೊಸೆಕೆಂಡುಗಳು ಬೇಕೇಬೇಕು. ಕೀಲಿಕೈ ಉತ್ತರಿಸಲು ತೆಗೆದುಕೊಳ್ಳುವ ನಿಗದಿಯಾದ ಕಾಲವನ್ನು ಕಳೆದು, ಉಳಿದ ಕಾಲವನ್ನು ಕಾರು ಅಳೆದರೆ ದೂರ ತಾನಾಗಿಯೇ ದೊರೆಯುತ್ತದೆ. ಕಳ್ಳನ ಪೆಟ್ಟಿಗೆ ಸಂಕೇತವನ್ನು ಎಷ್ಟು ಬೇಕಾದರೂ ಬಲಪಡಿಸಬಲ್ಲುದು, ತಡಮಾಡಲೂ ಬಲ್ಲುದು. ಆದರೆ ಬೆಳಕಿಗಿಂತ ಬೇಗ ಸಾಗಿಸಲಾರದು. ಉತ್ತರದ ಮಿಡಿತಗಳು ಮುಂಚಿತವಾಗಿ ಊಹಿಸಲಾಗದ ಕ್ರಮದಲ್ಲಿದ್ದರೆ, ಅವು ಬರುವ ಮೊದಲೇ ಸುಳ್ಳು ಉತ್ತರವನ್ನು ಕೊಡಲೂ ಆಗದು. ಬಹಳ ಗಿಡ್ಡ ರೇಡಿಯೋ ಮಿಡಿತಗಳಿಂದ ಹೀಗೆ ಅಳೆಯುವ ವಿಧಾನಕ್ಕೆ 2020ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು ರೂಪುಗೊಂಡು, ಕೆಲವು ಹೊಸ ಕಾರುಗಳಲ್ಲಿ ಅದು ಬಂದಿದೆ. ಇನ್ನು ಕೆಲವು ತಯಾರಕರು ಅಗ್ಗದ ಉಪಾಯವೊಂದನ್ನು ಹಿಡಿದಿದ್ದಾರೆ: ಕೆಲವು ಹೊತ್ತು ಅಲುಗದೆ ಬಿದ್ದಿರುವ ಕೀಲಿಕೈ ತಾನಾಗಿಯೇ ನಿದ್ರೆಹೋಗುತ್ತದೆ. ರಾತ್ರಿ ಮೇಜಿನ ಮೇಲಿಟ್ಟ ಕೀಲಿಕೈಗೆ ಇದು ಸಾಕು. ಹೋಟೆಲಿನ ಸಾಲಿನಲ್ಲಿ ನಿಂತವನ ಜೇಬಿನಲ್ಲಿರುವುದಕ್ಕೆ ಸಾಲದು.

ಹಳೆಯ ಬಗೆಯ ಕೀಲಿಕೈಯುಳ್ಳ ನಾವು ಮಾಡಬಹುದಾದುದೇನು? ಅದನ್ನು ಲೋಹದೊಳಗೆ ಇಡಬಹುದು. ಇಲ್ಲಿ ಲೋಹದ ಆಯ್ಕೆಯಲ್ಲಿ ವಿವೇಕ ಬೇಕು. ನಾವು ಹೇಳಿದ ಆವೃತ್ತಿಯಲ್ಲಿ ಕಾಂತಕ್ಷೇತ್ರವು ಅಲ್ಯೂಮಿನಿಯಮ್ಮಿನೊಳಗೆ ಸುಮಾರು 0.23 ಮಿಲಿಮೀಟರು ಇಳಿದ ಮೇಲೆ ಮೂರನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ತಿಂಡಿ ಸುತ್ತುವ ಅಲ್ಯೂಮಿನಿಯಂ ಹಾಳೆಯಾದರೋ ಅದರ ಹತ್ತನೆಯ ಒಂದು ಭಾಗದಷ್ಟೂ ದಪ್ಪವಿರುವುದಿಲ್ಲ. ಒಂದು ಸುತ್ತನ್ನು ನೆಚ್ಚುವಂತಿಲ್ಲ. ತವರ ಬಳಿದ ಕಬ್ಬಿಣದ ತಗಡಿನ ಬಿಸ್ಕತ್ತು ಡಬ್ಬಿಯ ವಿಚಾರ ಬೇರೆ. ಕಬ್ಬಿಣವು ಕಾಂತವಸ್ತುವಾದುದರಿಂದ ಕ್ಷೇತ್ರ ಅದರೊಳಗೆ ಮಿಲಿಮೀಟರಿನ ನೂರರ ಕೆಲವೇ ಭಾಗಗಳಷ್ಟು ಇಳಿದು ಕುಗ್ಗಿಹೋಗುತ್ತದೆ. ಮುಚ್ಚಳ ಬಿಗಿಯಾಗಿರುವ ಇಂಥ ಡಬ್ಬಿಯಲ್ಲಿ ಕೀಲಿಕೈಯನ್ನಿಟ್ಟು, ಡಬ್ಬಿಯನ್ನು ಬಾಗಿಲಿಗೆ ತಾಗಿಸಿ ಹಿಡಿದು ಹಿಡಿಯನ್ನು ಎಳೆದು ನೋಡಿರಿ. ತೆರೆಯದಿದ್ದರೆ ಡಬ್ಬಿ ಯೋಗ್ಯ. ಮೊಬೈಲನ್ನು ಒಳಗಿಟ್ಟು ಕರೆ ಬರುತ್ತದೆಯೇ ಎಂದು ಪರೀಕ್ಷಿಸುವುದು ಸರಿಯಲ್ಲ. ಅದರ ತರಂಗಗಳ ಆವೃತ್ತಿ ಸಾವಿರಾರು ಪಟ್ಟು ಹೆಚ್ಚಿನದು, ತಗಡನ್ನು ದಾಟದಿದ್ದರೂ ಮುಚ್ಚಳದ ಸಂದಿನಲ್ಲಿ ನುಸುಳಬಲ್ಲುದು.

ಪ್ರವಾಸಿಗೆ ಇನ್ನೊಂದು ಅಪಾಯ ಇದಕ್ಕಿಂತ ಸರಳವಾದುದು. ಗುಂಡಿ ಒತ್ತಿ ಬೀಗ ಹಾಕುವಾಗ ಸಂಕೇತವು ಸಾಮಾನ್ಯವಾಗಿ 433 ದಶಲಕ್ಷ ಹರ್ಟ್ಸ್ ಆವೃತ್ತಿಯದು. ಅದೇ ಆವೃತ್ತಿಯಲ್ಲಿ ಯಾರಾದರೂ ಗದ್ದಲವೆಬ್ಬಿಸಿದರೆ ಕಾರಿಗೆ ನಮ್ಮ ಆಜ್ಞೆ ಕೇಳಿಸುವುದೇ ಇಲ್ಲ. ನಾವು ಗುಂಡಿಯೊತ್ತಿ, ಬೆನ್ನು ತಿರುಗಿಸಿ, ಜಲಪಾತದ ಕಡೆ ನಡೆದುಬಿಡುತ್ತೇವೆ. ಕಾರು ತೆರೆದೇ ನಿಂತಿರುತ್ತದೆ. ದೀಪ ಮಿನುಗಿದುದನ್ನು ಕಂಡು, ಬೀಗ ಬಿದ್ದ ಸದ್ದನ್ನು ಕೇಳಿ, ಹಿಡಿಯನ್ನು ಒಮ್ಮೆ ಎಳೆದು ನೋಡುವುದಕ್ಕೆ ಐದು ಸೆಕೆಂಡು ಸಾಕು. ಒಳಗಿನ ಚೀಲಗಳು ಗಾಜಿನಿಂದ ಕಾಣುವಂತಿದ್ದರೆ ಈ ಎಲ್ಲ ವಿದ್ಯೆಯೂ ನಿಷ್ಫಲ. ಕಳ್ಳನಿಗೆ ಒಂದು ಕಲ್ಲು ಸಾಕಾಗುತ್ತದೆ.

ಸ್ಟಿಯರಿಂಗ್ ಚಕ್ರಕ್ಕೆ ಹಾಕುವ ಉಕ್ಕಿನ ಸರಳನ್ನೂ ಗೇರ್ ಲಾಕನ್ನೂ ಹಳೆಯ ಕಾಲದವೆಂದು ಹಳಿಯುವವರಿದ್ದಾರೆ. ನಮ್ಮ ಅಭಿಪ್ರಾಯ ಅದಲ್ಲ. ರೇಡಿಯೋ ವಂಚನೆಯಿಂದ ಒಳಹೊಕ್ಕವನಿಗೆ ಉಕ್ಕನ್ನು ರೇಡಿಯೋದಿಂದ ಕತ್ತರಿಸಲಾಗದು. ಕತ್ತರಿಸುವ ಸದ್ದೂ ಕಾಲವೂ ಅವನಿಗೆ ಬೇಡವಾದವು. ಉಪಗ್ರಹಗಳ ನೆರವಿನಿಂದ ಕಾರಿನ ಸ್ಥಾನವನ್ನು ತಿಳಿಸುವ ಯಂತ್ರವೂ ಒಳ್ಳೆಯದೇ. ಆದರೆ ಸ್ಥಾನವನ್ನು ಅದು ನಮಗೆ ತಿಳಿಸುವುದು ಮೊಬೈಲ್ ಜಾಲದ ಮೂಲಕ. ಜಾಲ ದೊರೆಯದ ಘಟ್ಟದ ಕಣಿವೆಗಳಲ್ಲಿ ಅದು ಮೂಕವಾಗುತ್ತದೆ.

ಕಾರಿನ ಎರಡನೆಯ ಕೀಲಿಕೈಯನ್ನು ಅದೇ ಕಾರಿನೊಳಗೆ ಇಟ್ಟು ಪ್ರವಾಸ ಹೋಗುವವರೂ ಉಂಟು. ಕಳವಾದಾಗ ವಿಮೆಯ ಕಂಪೆನಿಗಳು ಸಾಮಾನ್ಯವಾಗಿ ಎರಡು ಕೀಲಿಕೈಗಳನ್ನೂ ಕೇಳುತ್ತವೆ. ಅದನ್ನು ಜೊತೆಯವರಲ್ಲಿ ಮತ್ತೊಬ್ಬರ ಜೇಬಿನಲ್ಲಿಡುವುದು ಮೇಲು. ದಾರಿಯಲ್ಲಿ ಕೀಲಿಕೈಯ ಬ್ಯಾಟರಿ ಮುಗಿದುಹೋದರೆ ಗಾಬರಿ ಬೇಡ. ಅದರ ಒಡಲಲ್ಲಿ ಅಡಗಿಸಿಟ್ಟ ಲೋಹದ ಪಟ್ಟಿಯಿಂದ ಬಾಗಿಲನ್ನು ತೆರೆದು, ಕಾರಿನ ಕೈಪಿಡಿಯಲ್ಲಿ ತೋರಿಸಿದ ಸ್ಥಳಕ್ಕೆ, ಅನೇಕ ಕಾರುಗಳಲ್ಲಿ ಚಾಲನೆಯ ಗುಂಡಿಗೇ, ಅದನ್ನು ತಾಗಿಸಿ ಹಿಡಿಯಿರಿ. ಬ್ಯಾಟರಿ ಸತ್ತಿದ್ದರೂ ಒಳಗಿನ ಸುರುಳಿ ಫ್ಯಾರಡೆಯ ನಿಯಮದಂತೆ ಕಾರಿನಿಂದಲೇ ವಿದ್ಯುತ್ತನ್ನು ಪಡೆದು ಉತ್ತರ ಕೊಡುತ್ತದೆ. ಎಂಜಿನು ಚಾಲೂ ಆಗುತ್ತದೆ.