ಊರಿನ ಅಭಿಮಾನವೂ ಆಕರದ ಶಿಸ್ತೂ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಗ್ಗೆಯೂ ಸುತ್ತಲಿನ ಹಲವು ಹಳ್ಳಿಗಳ ಬಗ್ಗೆಯೂ ಲೇಖನಗಳಿದ್ದು, ಯಾರು ಬೇಕಾದರೂ ತಿದ್ದಬಹುದಾದ ಇಂಥ ವಿಶ್ವಕೋಶದಲ್ಲಿ ಒಂದು ಮಾತು ಉಳಿಯುವುದೂ ಅಳಿಯುವುದೂ ಅದಕ್ಕೆ ಕೊಟ್ಟ ಆಕರವನ್ನು ಅವಲಂಬಿಸಿರುತ್ತದೆ. ಓದುಗರು ತಾವೇ ತೆರೆದು ನೋಡಬಹುದಾದ, ಬರೆದವರಿಗೂ ವಿಷಯಕ್ಕೂ ಲಾಭದ ನಂಟಿಲ್ಲದ, ಅಚ್ಚಾಗುವ ಮೊದಲು ಬಲ್ಲವರ ಪರಿಶೀಲನೆಗೆ ಒಳಗಾದ ಬರಹವನ್ನು ನಂಬಲರ್ಹ ಆಕರವೆನ್ನಲಾಗುತ್ತದೆ.

ಆಕರದ ತೂಕವನ್ನು ಹೇಗೆ ನೋಡಬೇಕೆಂಬುದಕ್ಕೆ ಈ ಭಾಗದ ಚರಿತ್ರೆಯಲ್ಲೇ ನಿದರ್ಶನವಿದೆ. ಮನಗೂಳಿಯ 1161ರ ಶಾಸನದಲ್ಲಿ ಬರುವ, ಚಂದಿರಾಜನ ಮಗನಾದ ಬಸವನನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ ಶರಣ ಬಸವಣ್ಣನವರೊಡನೆ ತಳುಕು ಹಾಕಿದ್ದರು. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನವು ತರ್ದವಾಡಿ ನಾಡಿನ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನನ್ನು ಹೆಸರಿಸುವುದರಿಂದ ವಿದ್ವಾಂಸರು ಆ ಊಹೆಯನ್ನು ಕೈಬಿಟ್ಟರು. ಇಲ್ಲಿ ಶಾಸನವು ಪ್ರಾಥಮಿಕ ಆಕರ, ಅದನ್ನು ಕುರಿತ ಅಧ್ಯಯನವು ದ್ವಿತೀಯಕ ಆಕರ. ಫ್ಲೀಟ್‌ರಂಥವರೇ ಎಡವಿದ ದಾರಿಯಾದ್ದರಿಂದ, ವಿಕಿಪೀಡಿಯದ ಸಂಪಾದಕರು ಶಾಸನವನ್ನು ತಾವೇ ಅರ್ಥೈಸಿ ಹೊಸ ತೀರ್ಮಾನ ಬರೆಯಬಾರದೆಂಬ ನಿಯಮ ಸರಿಯಾಗಿಯೇ ಇದೆ. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲೋ ತಾಯಿಯ ತವರಾದ ಇಂಗಳೇಶ್ವರದಲ್ಲೋ ಎಂಬಂಥ ಪ್ರಶ್ನೆಯಲ್ಲಿ, ಯಾವ ಅಭಿಪ್ರಾಯ ಯಾರದೆಂದು ಹೇಳಿ ಎರಡನ್ನೂ ದಾಖಲಿಸುವುದೇ ಕ್ರಮ.

ಬರೆಯುವವರ ಸ್ವಂತ ಲಾಭವೋ ನಂಟೋ ವಿಶ್ವಕೋಶದ ನಿಷ್ಪಕ್ಷಪಾತಕ್ಕೆ ಅಡ್ಡಬರುವ ಸ್ಥಿತಿಯನ್ನು ಹಿತಾಸಕ್ತಿ ಸಂಘರ್ಷವೆನ್ನುತ್ತಾರೆ. ಕಾಲೇಜಿನ ಲೇಖನವನ್ನು ಅದರ ಆಡಳಿತ ಮಂಡಳಿಯವರೇ ಬರೆದರೆ, ಶಾಸಕರ ಲೇಖನವನ್ನು ಅವರ ಆಪ್ತರೇ ತಿದ್ದಿದರೆ ಸಂಘರ್ಷ ಸ್ಪಷ್ಟ. ಆದರೆ ಮಡಿವಾಳ ಮಾಚಿದೇವರ ಊರಾದ ದೇವರ ಹಿಪ್ಪರಗಿಯವರು ಅವರ ಬಗ್ಗೆ ಬರೆಯುವುದು ತಾನೇ ದೋಷವಾಗದು, ಏಕೆಂದರೆ ಊರನ್ನು ಬಲ್ಲವರು ದೂರ ಉಳಿದರೆ ಇಂಥ ಲೇಖನಗಳನ್ನು ಬೆಳೆಸಲು ಬೇರೆ ಯಾರೂ ಬರುವುದಿಲ್ಲ. ನೇರ ನಂಟುಳ್ಳವರು ಲೇಖನವನ್ನು ಮುಟ್ಟದೆ, ಅದಕ್ಕೆ ಹೊಂದಿಕೊಂಡ ಚರ್ಚಾಪುಟದಲ್ಲಿ ನಂಟನ್ನು ಹೇಳಿಕೊಂಡು, ಆಕರ ಸಹಿತ ಸಲಹೆ ಕೊಟ್ಟು ತೀರ್ಮಾನವನ್ನು ಬೇರೆಯವರಿಗೆ ಬಿಡುವುದು ಒಪ್ಪಿತ ದಾರಿ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಲೇಬೇಕೆಂದು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2014ರಲ್ಲಿ ವಿಧಿಸಿತು. ಮರುವರ್ಷ ಇಂಗ್ಲಿಷ್ ವಿಕಿಪೀಡಿಯದಲ್ಲಿ ಗುಟ್ಟಾಗಿ ಪ್ರಚಾರ ಬರಹ ನಡೆಸುತ್ತಿದ್ದ 381 ಖಾತೆಗಳನ್ನು ತಡೆಹಿಡಿಯಲಾಯಿತು. ಕಾವಲಿಗೆ ನಿಲ್ಲುವ ಸ್ವಯಂಸೇವಕರು ಕಡಿಮೆಯಿರುವ ಕನ್ನಡದಲ್ಲಿ ಇಂಥದು ಬಹುಕಾಲ ಕಣ್ಣಿಗೆ ಬೀಳದೆ ಉಳಿಯಬಹುದು.

ಜಾತ್ರೆಯ ಸ್ಮರಣ ಸಂಚಿಕೆಗಳನ್ನು, ಮಠಗಳ ಪ್ರಕಟಣೆಗಳನ್ನು ಪೂರ್ತಿ ತಳ್ಳಿಹಾಕುವುದೂ ತಪ್ಪಾಗುತ್ತದೆ. ಜಾತ್ರೆಯ ತಿಥಿ, ಕಟ್ಟಡದ ಉದ್ಘಾಟನೆಯಂಥ ಸಂಗತಿಗಳಿಗೆ ಅವು ಸಾಲುತ್ತವೆ; ಕ್ಷೇತ್ರದ ಪ್ರಾಚೀನತೆಗೆ, ಮಹಿಮೆಗೆ ಮಾತ್ರ ಹೊರಗಿನ ಅಧ್ಯಯನ ಬೇಕು. ಅಂಥ ಅಧ್ಯಯನಗಳು ಕನ್ನಡದಲ್ಲಿ ಹೇರಳವಾಗಿದ್ದರೂ ಹೆಚ್ಚಿನವು ಅಚ್ಚಿನಲ್ಲಷ್ಟೇ ಸಿಗುತ್ತವೆ. ವಿಜಯಪುರದಲ್ಲಿ ನೆಲೆಸಿ ವಕೀಲಿ ಮಾಡುತ್ತಲೇ ತಾಡೋಲೆಗಳನ್ನು ಹುಡುಕಿದ ಫ.ಗು. ಹಳಕಟ್ಟಿಯವರು 1923ರಲ್ಲಿ ಹೊರತಂದ ವಚನಶಾಸ್ತ್ರಸಾರವೂ ಜಿಲ್ಲಾ ಗ್ಯಾಸೆಟಿಯರೂ ಗ್ರಂಥಾಲಯಗಳಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯವು ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ್ದರಿಂದ ಅವುಗಳ ಬರಹಗಳನ್ನು ಮೂಲ ಹೆಸರಿಸಿ ಯಾರು ಬೇಕಾದರೂ ಬಳಸಬಹುದು.