ಸರದಿ ಬೇಗ ಬರುವ ತರಗತಿ

ಪಾಲಹಳ್ಳಿಯಿಂದ ಮೈಸೂರಿಗೆ ಹತ್ತು ಹದಿನೈದು ಕಿಲೋಮೀಟರ್. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ಮಕ್ಕಳು ಬೆಳಗಿನ ಬಸ್ಸನ್ನೋ ರೈಲನ್ನೋ ಹಿಡಿದು ಮೈಸೂರಿನ ಕಾಲೇಜುಗಳಿಗೆ ಹೋಗಿ, ಸಂಜೆ ಮನೆ ಸೇರುವುದು ಹಳೆಯ ರೂಢಿ. ಬಿ.ಕಾಂ., ಎಂಜಿನಿಯರಿಂಗ್ ಅಂದರೆ ಮನೆಯಲ್ಲಿ ಯಾರೂ ಚಕಾರ ಎತ್ತುವುದಿಲ್ಲ. ಸಂಗೀತವನ್ನೇ ಪದವಿಗೆ ಓದುತ್ತೇನೆ ಎಂದು ಮಗಳು ಹೇಳಿದರೆ ಮಾತ್ರ, "ಅದ್ಕೆ ಕಾಲೇಜು ಯಾಕವ್ವ? ಮೇಷ್ಟ್ರ ಹತ್ರ ಪಾಠ ಹೇಳಿಸ್ಕೊಂಡ್ರೆ ಸಾಲ್ದಾ?" ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಮೈಸೂರಿನಲ್ಲೇ ಇದೆ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಸಂಗೀತ ಮತ್ತು ನೃತ್ಯಕ್ಕೆಂದೇ ಅದು ಕಾಲೇಜು ತೆರೆದದ್ದು 1965ರಲ್ಲಿ. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಪಿಟೀಲು ಚೌಡಯ್ಯನವರು ಬಾಳಿದ ಊರಿನಲ್ಲಿ ಇಷ್ಟು ತಡ ಏಕಾಯಿತು? ಅಲ್ಲಿಯವರೆಗೆ ಕಲಿಕೆ ಅರಮನೆಯ ಆಶ್ರಯದಲ್ಲಿ, ವಿದ್ವಾಂಸರ ಪಡಸಾಲೆಗಳಲ್ಲಿ ನಡೆದಿತ್ತು. ಆಸ್ಥಾನದ ಕಾಲ ಮುಗಿದ ಮೇಲೆ ಆ ಹೊಣೆಯಲ್ಲಿ ಒಂದು ಪಾಲನ್ನು ವಿಶ್ವವಿದ್ಯಾನಿಲಯ ಹೊತ್ತಿತು. ವಿದ್ವಾನ್ ವಿ. ರಾಮರತ್ನಂ ಮೊದಲ ಪ್ರಾಂಶುಪಾಲರಾದರು. ವೈಣಿಕ ಆರ್. ವಿಶ್ವೇಶ್ವರನ್ ಅವರಂಥವರು ಇಲ್ಲಿ ಪಾಠ ಹೇಳಿದರು. ಇಂದು ಜನ ಅದನ್ನು ಲಲಿತಕಲಾ ಕಾಲೇಜು ಎಂದು ಕರೆಯುತ್ತಾರೆ.

ಇದು ಗುರುವಿನ ಮನೆಯಷ್ಟು ಚಿಕ್ಕದಲ್ಲ, ಮಹಾನಗರದ ಸಂಗೀತ ಸಂಸ್ಥೆಗಳಂತೆ ಜನಜಂಗುಳಿಯದೂ ಅಲ್ಲ. ಈ ನಡುವಿನ ಗಾತ್ರವೇ ಇಂಥ ವಿಭಾಗಗಳ ದೊಡ್ಡ ಬಲ ಎಂದು ನಾನು ನಂಬಿದ್ದೇನೆ. ದೊಡ್ಡ ಕಡೆ ಒಳ್ಳೆಯ ಕಂಠದವರು ಹತ್ತಾರು ಮಂದಿ ಇರುತ್ತಾರೆ. ವೇದಿಕೆ ಆರಿಸಿದ ನಾಲ್ಕಾರು ಜನರಿಗೆ ಮಾತ್ರ. ಇಲ್ಲಿ ತಂಡ ಚಿಕ್ಕದು, ಹಾಡುವ ಸರದಿ ಬೇಗ ಬರುತ್ತದೆ. ನಿನ್ನೆ ಕಲಿತ ವರ್ಣವನ್ನು ಇಂದು ಎಲ್ಲರ ಮುಂದೆ ಹಾಡಲೇಬೇಕು. ಎರಡನೆಯ ಕಾಲದಲ್ಲಿ ಎಲ್ಲಿ ತಾಳ ಜಾರಿತು ಎಂಬುದನ್ನು ಗುರುಗಳಿಗಿಂತ ಮೊದಲು ಪಕ್ಕದ ಗೆಳತಿಯೇ ಹೇಳುತ್ತಾಳೆ. ಒಬ್ಬರೇ ಗುರುವಿನ ಬಳಿ ಕಲಿಯುವ ಮಗುವಿಗೆ ಈ ಸಮವಯಸ್ಕರ ಕಿವಿ ಸಿಗುವುದು ಕಷ್ಟ.

ತಂಬೂರವನ್ನೇ ನೋಡಿ. ಮನೆಯಲ್ಲಿ ಕಲಿಯುವ ಬಹಳ ಮಕ್ಕಳಿಗೆ ಶ್ರುತಿ ಎಂದರೆ ಮೊಬೈಲಿನಲ್ಲಿ ಬರುವ ದನಿ. ತಂಬೂರ ಕೈಗೆ ಬಂದಾಗ ನಾಲ್ಕು ತಂತಿಗಳನ್ನು ತಾವೇ ಕೂಡಿಸಬೇಕು: ಪಂಚಮ, ಸಾರಣೆ, ಅನುಸಾರಣೆ, ಮಂದ್ರ. ಬಿರಡೆ ತಿರುಗಿಸಿ ಹತ್ತಿರಕ್ಕೆ ತಂದು, ಮಣಿಯನ್ನು ಎಳ್ಳಷ್ಟು ಸರಿಸಿ ಸರಿಪಡಿಸಬೇಕು. ಕುದುರೆಯ ಮೇಲೆ, ತಂತಿಯಡಿಯ ನೂಲಿನ ಎಳೆಯನ್ನು ಹಿಂದೆ ಮುಂದೆ ಮಾಡುತ್ತಿದ್ದಂತೆ ಒಂದು ಕ್ಷಣದಲ್ಲಿ ನಾದ ಅರಳುತ್ತದೆ. ಆ ಕ್ಷಣವನ್ನು ಗುರುತಿಸುವ ಕಿವಿ ದಿನವೂ ಕೂಡಿಸಿದರಷ್ಟೇ ಬರುತ್ತದೆ. ತಂಬೂರಗಳು ಕಪಾಟಿನಲ್ಲಿ ಬೀಗ ಹಾಕಿಕೊಂಡಿರದೆ ವಿದ್ಯಾರ್ಥಿಗಳ ಕೈಯಲ್ಲಿರುವ ವಿಭಾಗ ಅರ್ಧ ಗೆದ್ದಂತೆ.

ಇನ್ನೊಂದು ಲಾಭ ನೆರೆಹೊರೆಯದು. ಕಾಲೇಜು ಇರುವುದು ಮಾನಸಗಂಗೋತ್ರಿ ಎಂದು ಕುವೆಂಪು ಹೆಸರಿಟ್ಟ ವಿಶ್ವವಿದ್ಯಾನಿಲಯದ ಆವರಣದಲ್ಲಿ. ಅಲ್ಲಿ ಭೌತಶಾಸ್ತ್ರವಿದೆ, ಕನ್ನಡವಿದೆ, ಜಾನಪದವಿದೆ. ಮೃದಂಗದ ಬಲಗಡೆಯ ಚರ್ಮದ ನಡುವೆ ಕಪ್ಪು ಕರಣೆ ಏಕೆ ಬೇಕು ಎಂದು ಕೇಳುವ ವಿದ್ಯಾರ್ಥಿಗೆ ಅದನ್ನು ಹೇಗೆ ಹಾಕುತ್ತಾರೆಂದು ವಿದ್ವಾಂಸರು ತೋರಿಸಬಲ್ಲರು. ಬರಿಯ ಚರ್ಮದಲ್ಲಿ ಒಂದಕ್ಕೊಂದು ಹೊಂದದ ದನಿಗಳು, ನಡುವೆ ಭಾರ ಕೂತಾಗ ಸುಸ್ವರವಾಗಿ ಹೊಂದಿಕೊಳ್ಳುತ್ತವೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಸಂಗೀತದ ತರಗತಿಯಿಂದ ಎದ್ದು ಆ ಲೆಕ್ಕ ತಿಳಿದವರ ಕೋಣೆಗೆ ನಡೆದುಹೋಗುವ ಅನುಕೂಲ ವಿಶ್ವವಿದ್ಯಾನಿಲಯದಲ್ಲಿ ಮಾತ್ರ ಸಾಧ್ಯ.

ಜಾನಪದದ ಮಾತು ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ಅಧ್ಯಯನಕ್ಕೆ ಗಟ್ಟಿ ಬುನಾದಿ ಹಾಕಿದ ಜೀ.ಶಂ. ಪರಮಶಿವಯ್ಯನವರು ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರು. ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರೂ ಅದೇ ತಾಲ್ಲೂಕಿನ ಹೆರಗನಹಳ್ಳಿಯವರು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂತು. ಅದರ ಕವಿತೆಗಳು ಗಾಯಕರ ಕಂಠದಲ್ಲಿ ನಾಡಿನ ಹಾಡುಗಳಾದವು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ.ನ. ಅವರು 'ಗೋಕುಲ ನಿರ್ಗಮನ'ದಂಥ ಗೇಯನಾಟಕ ಬರೆದರು. ಕಾವ್ಯ ಓದುವವರೂ ರಾಗ ಬಲ್ಲವರೂ ಒಟ್ಟಿಗೆ ಕೂರದೆ ಅದು ಪೂರ್ತಿ ದಕ್ಕುವುದಿಲ್ಲ. ಈ ತಾಲ್ಲೂಕುಗಳ ಹುಡುಗ ಹುಡುಗಿಯರು ಸಂಗೀತ ಓದಲು ಹೋದರೆ ಬರಿಗೈಯಲ್ಲಿ ಹೋಗುವುದಿಲ್ಲ. ಸೋಬಾನೆ, ತಂಬೂರಿ ಪದ, ಭಜನೆಯ ಧಾಟಿಗಳು ಕಿವಿಯಲ್ಲಿರುತ್ತವೆ. ಅವನ್ನು ಬಿಟ್ಟು ಬಾ ಎನ್ನದ, ಸ್ವರಲಿಪಿಗೆ ಇಳಿಸಿ ತಾ ಎನ್ನುವ ಅಧ್ಯಾಪಕರು ಸಿಕ್ಕರೆ ಅದೇ ಒಳ್ಳೆಯ ಸಂಶೋಧನೆಯ ಮೊದಲ ಪಾಠ. ದಿನವೂ ಮನೆಗೆ ಮರಳುವ ವಿದ್ಯಾರ್ಥಿಗೆ ಹಾಡುವ ಅಜ್ಜಿ ಬೇಕೆಂದಾಗ ಸಿಗುತ್ತಾರೆ. ದೂರದ ಹಾಸ್ಟೆಲಿನಲ್ಲಿ ಆ ಭಾಗ್ಯವಿಲ್ಲ.

ಕೊರತೆಗಳನ್ನೂ ಹೇಳಬೇಕು. ರಾಗಾಲಾಪನೆ ಗಂಟೆ ಹೊಡೆದಾಗ ನಿಲ್ಲುವುದಲ್ಲ, ವೇಳಾಪಟ್ಟಿ ಮಾತ್ರ ನಿಲ್ಲಿಸುತ್ತದೆ. ಕಛೇರಿ ಗಾಯಕರಾಗಬೇಕೆನ್ನುವವರಿಗೆ ಕಾಲೇಜಿನ ಜೊತೆಗೆ ಹೊರಗೆ ಒಬ್ಬ ಗುರು, ಮನೆಯಲ್ಲಿ ಮುಂಜಾನೆಯ ಸಾಧನೆ ಬೇಕೇಬೇಕು. ಪದವಿ ಮುಗಿಸಿದವರಿಗೆಲ್ಲ ಕೆಲಸ ಕಾದಿಲ್ಲ ಎಂಬುದೂ ನಿಜ. ಹೀಗಿದ್ದರೂ ಅನುಭವಿ ಕಲಾವಿದರನ್ನು ತರಗತಿಗೆ ತರುವ ಶಕ್ತಿ ವಿಶ್ವವಿದ್ಯಾನಿಲಯಗಳಿಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅಂಥವರನ್ನು ಗೌರವದಿಂದ ಕರೆಸಿಕೊಂಡು ಇದನ್ನು ಮಾಡಿ ತೋರಿಸಿತು. ಗಂಗೂಬಾಯಿಯವರ ಹೆಸರಿನಲ್ಲೇ 2009ರ ಕಾಯ್ದೆಯಿಂದ ರೂಪುಗೊಂಡ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೂ ಈಗ ಮೈಸೂರಿನಲ್ಲಿದೆ. ನಮ್ಮ ಭಾಗದ ಮಕ್ಕಳಿಗೆ ಬಸ್ಸಿನ ದೂರದಲ್ಲೇ ಎರಡು ಬಾಗಿಲು.

ಯಾವುದಕ್ಕೆ ಸೇರುವುದಾದರೂ ಅರ್ಜಿ ತುಂಬುವ ಮುನ್ನ ತಂದೆತಾಯಿ ಮಗುವಿನೊಂದಿಗೆ ಒಂದು ದಿನ ಹೋಗಿ ತರಗತಿಯ ಹೊರಗೆ ಕೂತು ಕೇಳಿಬನ್ನಿ. ಕಾಯಂ ಅಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ? ಒಬ್ಬ ವಿದ್ಯಾರ್ಥಿ ತಿಂಗಳಿಗೆ ಎಷ್ಟು ಸಲ ಎಲ್ಲರ ಮುಂದೆ ಹಾಡುತ್ತಾಳೆ? ಹಾಡುವಾಗ ಪಿಟೀಲು, ಮೃದಂಗದ ಪಕ್ಕವಾದ್ಯ ಇರುತ್ತದೆಯೇ, ಪರೀಕ್ಷೆಯ ದಿನ ಮಾತ್ರವೇ? ಶುಲ್ಕ ಎಷ್ಟು ಎನ್ನುವುದಕ್ಕಿಂತ ಮೊದಲು ಇವನ್ನು ಕೇಳಿ.